ದುಬಾರಿ ಉಜ್ಜುಗೊರಡು: ಹೂಡಿಕೆಯೋ, ಹೊರೆಯೋ?

ಮರಗೆಲಸದ ಸಣ್ಣ ಘಟಕಗಳಲ್ಲಿ ಬಂಡವಾಳದ ಪ್ರಶ್ನೆ ಬಂದಾಗ ಯಂತ್ರಗಳ ಬೆಲೆಯನ್ನು ಕೂಲಂಕಷವಾಗಿ ಪರಿಶೀಲಿಸುವ ಉದ್ಯಮಿಗಳು, ಕೈ ಉಪಕರಣಗಳ ವಿಷಯದಲ್ಲಿ ಅಷ್ಟು ಯೋಚಿಸುವುದಿಲ್ಲ. ಕೆಲವರು ಅಂಗಡಿಯಲ್ಲಿ ದೊರೆಯುವ ಅತ್ಯಂತ ಅಗ್ಗದ ಉಪಕರಣವನ್ನು ತರುತ್ತಾರೆ. ಕೆಲವರು ವಿದೇಶಿ ತಯಾರಿಕೆ ಎಂಬ ಒಂದೇ ಕಾರಣಕ್ಕೆ ಹತ್ತಾರು ಪಟ್ಟು ಹಣ ತೆರುತ್ತಾರೆ. ಬಡಗಿಯ ಉಜ್ಜುಗೊರಡು ಇದಕ್ಕೆ ಉತ್ತಮ ನಿದರ್ಶನ. ಕೆಲವೆಡೆ ಹತ್ತರಿ, ಕೀಸುಳಿ ಎಂದೂ ಕರೆಯಲ್ಪಡುವ ಈ ಉಪಕರಣಕ್ಕೆ ಎಷ್ಟು ವೆಚ್ಚ ಮಾಡುವುದು ಸಮಂಜಸ ಎಂಬುದು ಬಿಡದಿ ಕೈಗಾರಿಕಾ ಪ್ರದೇಶ ಹಾಗೂ ಸುತ್ತಲಿನ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಮರಗೆಲಸ ಘಟಕಗಳಿಗೆ ಪ್ರಸ್ತುತವಾದ ಪ್ರಶ್ನೆ.

ಬೆಲೆಯ ಅಂತರಕ್ಕೆ ಕಾರಣ

ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಕಬ್ಬಿಣದ ಉಜ್ಜುಗೊರಡಿನ ವಿನ್ಯಾಸವು ಅಮೆರಿಕದ ಲಿಯೊನಾರ್ಡ್ ಬೇಯ್ಲಿ ಎಂಬುವರದು. 1869ರಲ್ಲಿ ಸ್ಟ್ಯಾನ್ಲಿ ಕಂಪನಿಯು ಅವರ ಹಕ್ಕುಗಳನ್ನು ಪಡೆದು ತಯಾರಿಕೆಗಿಳಿಯಿತು. ಆ ಹಕ್ಕುಗಳ ಅವಧಿ ಮುಗಿದು ಬಹುಕಾಲವಾಗಿದ್ದು, ಕೈ ಉಪಕರಣಗಳಿಗೆ ಹೆಸರಾದ ಜಲಂಧರ್ ಸೇರಿದಂತೆ ಅನೇಕ ಕಡೆಗಳಲ್ಲಿ ಅದೇ ಮಾದರಿಯ ಉಜ್ಜುಗೊರಡುಗಳು ತಯಾರಾಗಿವೆ. ಅಮೆರಿಕದಲ್ಲಿ 1981ರಲ್ಲಿ ಆರಂಭವಾದ ಲೀ-ನೀಲ್ಸನ್, ಕೆನಡಾದ ಲೀ ವ್ಯಾಲಿ ಸಂಸ್ಥೆಯ ವೆರಿಟಾಸ್ ಮುಂತಾದವು ಇದೇ ಉಪಕರಣವನ್ನು ಉನ್ನತ ದರ್ಜೆಯಲ್ಲಿ ತಯಾರಿಸಿ ಮಾರುತ್ತಿವೆ.

ಎರಡರ ನಡುವಿನ ವ್ಯತ್ಯಾಸ ಮುಖ್ಯವಾಗಿ ಮೂರು ಅಂಶಗಳಲ್ಲಿದೆ. ಮೊದಲನೆಯದು, ತಳದ ಸಮತಟ್ಟು. ತಳ ಬಾಗಿದ್ದರೆ ಅಲಗು ಒಂದೆಡೆ ಹೆಚ್ಚು, ಮತ್ತೊಂದೆಡೆ ಕಡಿಮೆ ಕೊರೆಯುತ್ತದೆ. ಉನ್ನತ ದರ್ಜೆಯ ಉಪಕರಣದ ತಳವನ್ನು ಕಾರ್ಖಾನೆಯಲ್ಲಿಯೇ ನಿಖರವಾಗಿ ಉಜ್ಜಿ ಕಳುಹಿಸಲಾಗುತ್ತದೆ. ಅಗ್ಗದ ಉಪಕರಣದಲ್ಲಿ ಆ ಕೆಲಸ ಕೊಂಡವನ ಪಾಲಿಗೆ ಉಳಿಯುತ್ತದೆ. ಎರಡನೆಯದು, ಅಲಗು. ಹಳೆಯ ಮಾದರಿಯ ಅಲಗು ಸುಮಾರು 2 ಮಿ.ಮೀ. ದಪ್ಪವಿದ್ದರೆ ಉನ್ನತ ದರ್ಜೆಯದು 3 ಮಿ.ಮೀ. ಆಸುಪಾಸು ಇರುತ್ತದೆ. ದಪ್ಪ ಅಲಗು ಗಟ್ಟಿ ಮರದಲ್ಲಿ ಕಂಪಿಸುವುದು ಕಡಿಮೆ; ಮಿಶ್ರಲೋಹದ ಉಕ್ಕಾದ್ದರಿಂದ ಹರಿತವೂ ಹೆಚ್ಚು ಕಾಲ ನಿಲ್ಲುತ್ತದೆ. ಮೂರನೆಯದು, ಬಿಡಿಭಾಗಗಳ ಹೊಂದಾಣಿಕೆ. ತಿರುಪುಗಳು ಸಡಿಲವಾಗಿದ್ದರೆ ಅಲಗನ್ನು ಮತ್ತೆ ಮತ್ತೆ ಸರಿಪಡಿಸುವುದರಲ್ಲಿಯೇ ಸಮಯ ವ್ಯಯವಾಗುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ, ಈ ಮೂರರಲ್ಲಿ ಮೊದಲೆರಡನ್ನು ಕೊಂಡ ನಂತರವೂ ಸರಿಪಡಿಸಿಕೊಳ್ಳಬಹುದು. ಸಮತಟ್ಟಾದ ಗಾಜಿನ ಮೇಲೆ ಮರಳುಕಾಗದ ಅಂಟಿಸಿ ತಳವನ್ನು ಉಜ್ಜಬಹುದು; ಉತ್ತಮ ಅಲಗನ್ನು ಪ್ರತ್ಯೇಕವಾಗಿ ಕೊಂಡು ಜೋಡಿಸಬಹುದು. ಆದರೆ ಒಳಗಿನ ಎರಕವೇ ವಕ್ರವಾಗಿರುವ ಅಥವಾ ತಿರುಪಿನ ಎಳೆ ಸವೆದಿರುವ ಉಪಕರಣವನ್ನು ಸರಿಪಡಿಸಲು ಹೊರಡುವುದು ಲಾಭದಾಯಕವಲ್ಲ. ಕೊಳ್ಳುವಾಗ ಉಕ್ಕಿನ ಅಳತೆಪಟ್ಟಿಯನ್ನು ತಳಕ್ಕೆ ಹಿಡಿದು ನೋಡುವುದು, ತಿರುಪುಗಳನ್ನು ತಿರುಗಿಸಿ ನೋಡುವುದು ಕೆಲವೇ ನಿಮಿಷಗಳ ಕೆಲಸ.

ಮರ ಮತ್ತು ಅಲಗು

ನಮ್ಮ ಭಾಗದ ಬಾಗಿಲು, ಕಿಟಕಿ, ಪೀಠೋಪಕರಣಗಳಿಗೆ ತೇಗ, ಹೊನ್ನೆ, ಮತ್ತಿ, ಹಲಸು ಮೊದಲಾದ ಮರಗಳು ಬಳಕೆಯಲ್ಲಿವೆ. ತೇಗದಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಅಲಗು ಬೇಗ ಮೊಂಡಾಗುತ್ತದೆ. ಹೊನ್ನೆಯಲ್ಲಿ ನಾರುಗಳು ಪದರದಿಂದ ಪದರಕ್ಕೆ ದಿಕ್ಕು ಬದಲಿಸುವ ಕಾರಣ ಯಾವ ಕಡೆಯಿಂದ ಉಜ್ಜಿದರೂ ಒಂದಿಷ್ಟು ನಾರು ಕಿತ್ತುಬರುತ್ತದೆ. ಮೊದಲನೆಯ ತೊಂದರೆಗೆ ಉತ್ತಮ ಉಕ್ಕು ಪರಿಹಾರ. ಎರಡನೆಯದಕ್ಕೆ ಬೆಲೆಗಿಂತ ಜೋಡಣೆ ಮುಖ್ಯ. ಅಲಗಿನ ಮೇಲೆ ಕೂರುವ ಎರಡನೆಯ ತಗಡನ್ನು ಅಲಗಿನ ಅಂಚಿಗೆ ತೀರಾ ಸಮೀಪವಾಗಿ, ಅಂದರೆ ಮಿಲಿಮೀಟರಿನ ಕೆಲವೇ ದಶಾಂಶಗಳಷ್ಟು ಅಂತರದಲ್ಲಿ ನಿಲ್ಲಿಸಿದರೆ, ಸಿಪ್ಪೆ ಮುಂದಕ್ಕೆ ಬಾಗಿ, ನಾರು ಕೀಳುವುದು ನಿಲ್ಲುತ್ತದೆ. ಜಪಾನಿನ ಯಮಗಾತ ವಿಶ್ವವಿದ್ಯಾಲಯದ ಕವಾಯಿ ಮತ್ತು ಕಾತೊ ಎಂಬ ಪ್ರಾಧ್ಯಾಪಕರು ಇದನ್ನು ಪ್ರಯೋಗಗಳ ಮೂಲಕ ತೋರಿಸಿದ್ದಾರೆ. ಸಾಧಾರಣ ಬೆಲೆಯ ಉಜ್ಜುಗೊರಡಿನಲ್ಲಿಯೂ ಇದನ್ನು ಸಾಧಿಸಬಹುದು.

ಯಾವ ಘಟಕಕ್ಕೆ ಅವಶ್ಯ?

ಉಪಕರಣದ ಯೋಗ್ಯತೆಯನ್ನು ಅದು ಮಾಡುವ ಕೆಲಸದಿಂದ ಅಳೆಯಬೇಕು. 2006ರ ವೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಚನ್ನಪಟ್ಟಣದ ಬೊಂಬೆ ಉದ್ಯಮವನ್ನು ತೆಗೆದುಕೊಂಡರೆ, ಅಲ್ಲಿ ಹಾಲೆ ಮರವನ್ನು ಲೇತ್ ಮೇಲೆ ತಿರುಗಿಸಿ, ಉಳಿಯಿಂದ ಕಡೆದು, ಅರಗಿನ ಬಣ್ಣವನ್ನು ಒತ್ತಿ ಹೊಳಪು ಕೊಡಲಾಗುತ್ತದೆ. ಇಲ್ಲಿ ಉಜ್ಜುಗೊರಡಿಗೆ ಕೆಲಸವೇ ಇಲ್ಲ. ಅದೇ ಹಣವನ್ನು ಉತ್ತಮ ಉಳಿ ಹಾಗೂ ಸಾಣೆಯ ವ್ಯವಸ್ಥೆಗೆ ಹಾಕುವುದು ಸೂಕ್ತ. ಹಲಗೆಯಿಂದ ಕತ್ತರಿಸಿ ಮಾಡುವ ಆಟಿಕೆಗಳಿಗೆ ಮಾತ್ರ ಇದರ ಅಗತ್ಯ ಬರಬಹುದು.

ಕಾರ್ಖಾನೆಗಳಿಗೆ ಮರದ ಪ್ಯಾಲೆಟ್ ಮತ್ತು ಪೆಟ್ಟಿಗೆಗಳನ್ನು ಪೂರೈಸುವವರ ಸ್ಥಿತಿಯೂ ಇಂತಹುದೇ. ರಫ್ತಿನ ಪ್ಯಾಕಿಂಗ್ ಮರವನ್ನು ಅಂತರರಾಷ್ಟ್ರೀಯ ನಿಯಮದಂತೆ ಶಾಖದಿಂದ ಸಂಸ್ಕರಿಸುವಾಗ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಇರಬೇಕೆಂಬುದು ಮುಖ್ಯವೇ ಹೊರತು ಮೇಲ್ಮೈಯ ನುಣುಪು ಮುಖ್ಯವಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ಎರಕದ ಕೆಲಸಕ್ಕೆ ಮರದ ಮಾದರಿಗಳನ್ನು ತಯಾರಿಸುವವರಿಗೆ ನಿಖರತೆಯೇ ಜೀವಾಳ. ಬೀಡುಕಬ್ಬಿಣ ತಣಿಯುವಾಗ ಸುಮಾರು ಶೇ. 1ರಷ್ಟು ಕುಗ್ಗುವುದರಿಂದ ಮಾದರಿಯನ್ನು ಆ ಲೆಕ್ಕಕ್ಕೆ ದೊಡ್ಡದಾಗಿ ಮಾಡಬೇಕು; ಅಂತಹ ಕೆಲಸದಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಮಾದರಿ ತಿರಸ್ಕೃತವಾಗಬಹುದು. ಉತ್ತಮ ಪೀಠೋಪಕರಣ ತಯಾರಿಸುವವರಿಗೂ, ಯಂತ್ರ ಬಿಟ್ಟುಹೋದ ಅಲೆಅಲೆಯಾದ ಗುರುತುಗಳನ್ನು ತೆಗೆದು ಕೀಲುಗಳನ್ನು ಹೊಂದಿಸಲು ಕೈ ಉಜ್ಜುಗೊರಡು ಬೇಕೇ ಬೇಕು.

ಲೆಕ್ಕದ ಒಂದು ಮಾದರಿ

ಕೆಳಗಿನ ಅಂಕಿಗಳು ಕೇವಲ ಉದಾಹರಣೆಗಾಗಿ. ಪ್ರತಿ ಘಟಕವೂ ತನ್ನ ಅಂಕಿಗಳನ್ನು ಹಾಕಿ ನೋಡಬೇಕು. ಆಮದು ಉಜ್ಜುಗೊರಡು ಸಾಗಣೆ, ಸುಂಕಗಳೆಲ್ಲ ಸೇರಿ ರೂ. 40,000 ತಗಲುವುದೆಂದು ಭಾವಿಸೋಣ. ದೇಶೀಯ ಉಪಕರಣಕ್ಕೆ ರೂ. 2,500, ಉತ್ತಮ ಅಲಗಿಗೆ ರೂ. 3,000, ಸರಿಪಡಿಸಲು ಎರಡು ದಿನದ ಕೂಲಿ ರೂ. 2,000, ಒಟ್ಟು ರೂ. 7,500. ಎರಡರ ಅಂತರ ರೂ. 32,500.

ದಿನಕ್ಕೆ ರೂ. 1,000 ಕೂಲಿಯಂತೆ ಎಂಟು ಗಂಟೆ ದುಡಿಯುವ ಬಡಗಿಯ ಒಂದು ಗಂಟೆಯ ವೆಚ್ಚ ರೂ. 125. ದುಬಾರಿ ಉಪಕರಣದಿಂದ ದಿನಕ್ಕೆ 15 ನಿಮಿಷ ಉಳಿದರೆ, ವರ್ಷದ 300 ದಿನಗಳಿಗೆ ಉಳಿತಾಯ ರೂ. 9,375, ಹೆಚ್ಚುವರಿ ಹಣ ಸುಮಾರು ಮೂರೂವರೆ ವರ್ಷಗಳಲ್ಲಿ ಹಿಂದಿರುಗುತ್ತದೆ. ಆದರೆ ಉಪಕರಣವನ್ನು ಅಪರೂಪಕ್ಕೆ ಬಳಸುವ ಘಟಕದಲ್ಲಿ ವಾರಕ್ಕೆ 15 ನಿಮಿಷ ಮಾತ್ರ ಉಳಿದರೆ, ವರ್ಷದ ಉಳಿತಾಯ ರೂ. 1,625, ಅದೇ ಹಣ ಹಿಂದಿರುಗಲು 20 ವರ್ಷ ಬೇಕು. ಉಪಕರಣ ಒಂದೇ, ಬಳಕೆಯ ಪ್ರಮಾಣವೇ ಅದನ್ನು ಹೂಡಿಕೆಯನ್ನಾಗಿಸುತ್ತದೆ ಅಥವಾ ಹೊರೆಯನ್ನಾಗಿಸುತ್ತದೆ.

ತೆರಿಗೆಯ ಅಂಶವನ್ನೂ ಮರೆಯಬಾರದು. ಸಾಮಾನ್ಯ ಪದ್ಧತಿಯಲ್ಲಿ ಜಿಎಸ್‌ಟಿ ನೋಂದಣಿ ಹೊಂದಿದವರು, ದಾಖಲೆ ಘಟಕದ ಹೆಸರಿನಲ್ಲಿದ್ದರೆ, ಖರೀದಿಯ ಮೇಲಿನ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಹಿಂಪಡೆಯಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಅನುಕೂಲವಿಲ್ಲ. ಮೂಲ ಆಮದು ಸುಂಕ ಯಾರಿಗೂ ಹಿಂದಿರುಗುವುದಿಲ್ಲ.

ಉಪಕರಣ ಯಾರದು?

ಅನೇಕ ಘಟಕಗಳಲ್ಲಿ ಬಡಗಿಗಳು ತಮ್ಮದೇ ಉಪಕರಣಗಳನ್ನು ತರುತ್ತಾರೆ. ಅಂತಹ ಕಡೆ ಮಾಲೀಕರು ದುಬಾರಿ ಉಪಕರಣ ಕೊಂಡು ಎಲ್ಲರ ಬಳಕೆಗೆ ಇಟ್ಟರೆ ಅದರ ಹೊಣೆ ಯಾರಿಗೂ ಸೇರದೆ, ಒಬ್ಬರು ಕಟ್ಟಿದ ಹದವನ್ನು ಇನ್ನೊಬ್ಬರು ಕೆಡಿಸುವಂತಾಗುತ್ತದೆ. ಕೊಳ್ಳುವುದೇ ಆದಲ್ಲಿ ಒಬ್ಬ ಅನುಭವಿ ಕೆಲಸಗಾರನ ವಶಕ್ಕೆ ಕೊಟ್ಟು, ಮಸೆಯುವ ಹೊಣೆಯನ್ನೂ ಅವನಿಗೇ ವಹಿಸುವುದು ಒಳಿತು.

ಮೊಂಡಾದ ಅಲಗಿನ ಮುಂದೆ ಯಾವ ಹೆಸರಾಂತ ತಯಾರಿಕೆಯೂ ನಿಲ್ಲದು. ಆದುದರಿಂದ ವೆಚ್ಚದ ಕ್ರಮ ಹೀಗಿರಬೇಕು: ಮೊದಲು ಒರಟು ಮತ್ತು ನುಣುಪಿನ ಉತ್ತಮ ಸಾಣೆಕಲ್ಲುಗಳು ಹಾಗೂ ಅವುಗಳ ಬಳಕೆಯ ತರಬೇತಿ, ನಂತರ ಪರೀಕ್ಷಿಸಿ ಕೊಂಡ ದೇಶೀಯ ಉಜ್ಜುಗೊರಡಿಗೆ ಉತ್ತಮ ಅಲಗು, ಅದು ನಿತ್ಯದ ಕೆಲಸಕ್ಕೆ ಸಾಲದೆಂದು ಖಚಿತವಾದ ಮೇಲೆ ಮಾತ್ರ ಉನ್ನತ ದರ್ಜೆಯ ಉಪಕರಣ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಮರಗೆಲಸದಲ್ಲಿ ತರಬೇತಿ ನೀಡುತ್ತಿದ್ದು, ಈ ಭಾಗದ ಉದ್ಯಮಿಗಳು ತಮ್ಮ ಕೆಲಸಗಾರರಿಗಾಗಿ ಅಲ್ಲಿ ವಿಚಾರಿಸಬಹುದು. ಖರೀದಿಗೆ ಮುನ್ನ ಒಂದು ತಿಂಗಳ ಕಾಲ, ದಿನಕ್ಕೆ ಎಷ್ಟು ಹೊತ್ತು ಉಜ್ಜುಗೊರಡು ಕೈಯಲ್ಲಿರುತ್ತದೆ, ಎಷ್ಟು ಬಾರಿ ಮಸೆಯಬೇಕಾಗುತ್ತದೆ ಎಂಬುದನ್ನು ಬರೆದಿಟ್ಟುಕೊಂಡರೆ ನಿರ್ಧಾರ ಸುಲಭವಾಗುತ್ತದೆ.