ನಿಮಗಿದು ಗೊತ್ತೆ? ಬಲ್ಲಾಳ್ ತಡೆದ ಎರಡು ಹೊಡೆತ

1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಪುರುಷರ ಹಾಕಿ ಫೈನಲ್. ದಕ್ಷಿಣ ಕೊರಿಯಾ ವಿರುದ್ಧದ ಪಂದ್ಯ 1–1ರಲ್ಲಿ ನಿಂತಿತು. ಟೈಬ್ರೇಕರ್‌ನಲ್ಲಿ ಕರ್ನಾಟಕದ ಗೋಲ್‌ಕೀಪರ್ ಆಶಿಶ್ ಬಲ್ಲಾಳ್ ಎರಡು ಪೆನಾಲ್ಟಿ ಸ್ಟ್ರೋಕ್ ತಡೆದರು. ಭಾರತಕ್ಕೆ 32 ವರ್ಷಗಳ ಬಳಿಕ ಚಿನ್ನ! ಗೋಲು ಹೊಡೆದವರ ಹೆಸರಿನಷ್ಟೇ ಈ ಹೆಸರೂ ಗದಗ-ಬೆಟಗೇರಿಯ ಮಕ್ಕಳ ಬಾಯಲ್ಲಿರಬೇಕು.

ಗೋಲ್‌ಕೀಪರ್‌ನ ಕೆಲಸ ಐಸ್ ಹಾಕಿಯಲ್ಲೂ ಸುಲಭವಲ್ಲ. ಐಸ್ ಹಾಕಿಯ ಗೋಲು 6 ಅಡಿ ಅಗಲ, 4 ಅಡಿ ಎತ್ತರ. ನಮ್ಮ ಹಾಕಿಯದು 12 ಅಡಿ ಅಗಲ, 7 ಅಡಿ ಎತ್ತರ, ಅಂದರೆ ಮೂರೂವರೆ ಪಟ್ಟು ದೊಡ್ಡದು. ಆದರೆ ಅಲ್ಲಿ ನುಗ್ಗಿ ಬರುವುದು ಗಟ್ಟಿ ರಬ್ಬರಿನ ಬಿಲ್ಲೆ. 1959ರ ನವೆಂಬರ್ 1ರಂದು ನ್ಯೂಯಾರ್ಕ್‌ನಲ್ಲಿ ಅದು ಮುಖಕ್ಕೆ ಬಡಿದು ಗಾಯಗೊಂಡ ಮಾಂಟ್ರಿಯಲ್ ತಂಡದ ಜಾಕ್ ಪ್ಲಾಂಟ್, ಹೊಲಿಗೆ ಹಾಕಿಸಿಕೊಂಡು ಮುಖವಾಡ ತೊಟ್ಟೇ ಅಂಕಣಕ್ಕೆ ಮರಳಿದರು. ಬರಬರುತ್ತಾ ಉಳಿದ ಗೋಲ್‌ಕೀಪರ್‌ಗಳೂ ಅದನ್ನೇ ರೂಢಿಸಿಕೊಂಡರು.