ನಿಂತ ಕಾರಿಗೆ ಮರುಜೀವ

ಬೀದರ್ ಸೀಮೆಯ ದನದ ಸಂತೆಯಲ್ಲಿ ದೇವಣಿ ತಳಿಯ ಎತ್ತನ್ನು ಕೊಳ್ಳಲು ಬಂದ ರೈತನನ್ನು ನೋಡಿರಿ. ಮೈಮೇಲಿನ ಕಪ್ಪು ಬಿಳುಪಿನ ಚೆಲುವಿಗೆ ಅವನು ಮರುಳಾಗುವವನಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಗೊರಸು ಎತ್ತಿ ನೋಡುತ್ತಾನೆ. ಕೆಟ್ಟ ಸುಳಿಯೇನಾದರೂ ಇದೆಯೋ ಎಂದು ಬೆನ್ನ ಮೇಲೆ ಕೈಯಾಡಿಸುತ್ತಾನೆ. ಕೊನೆಗೆ ನಾಲ್ಕು ಹೆಜ್ಜೆ ನಡೆಸಿದ ಮೇಲೆಯೇ ಬೆಲೆಯ ಮಾತು. ಇಷ್ಟು ಎಚ್ಚರವುಳ್ಳವನ ಮಗನೇ ಪಟ್ಟಣ ಸೇರಿ, ನಾಲ್ಕು ಕಾಸು ಕೂಡಿಸಿ, ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳಹೊರಟರೆ ಮೊದಲು ನೋಡುವುದು ಬಣ್ಣವನ್ನು! ಬಣ್ಣ ನೋಡಿ ಸೋತವನು ಆಮೇಲೆ ತೆರುವ ದಂಡಕ್ಕೆ ಲೆಕ್ಕವಿಲ್ಲ.

ಸ್ಪೋರ್ಟ್ಸ್ ಕಾರೆಂದರೆ ಇಬ್ಬರು ಕೂಡುವಷ್ಟೇ ಸ್ಥಳ, ನೆಲಕ್ಕೆ ತಗ್ಗಿದ ಮೈ, ಮಡಚಿಡುವ ಬಟ್ಟೆಯ ಚಾವಣಿ, ಭಾರಕ್ಕೆ ಮೀರಿದ ಚುರುಕು. ಸಂಸಾರವಂದಿಗನಿಗೆ ಇದರಿಂದ ಕವಡೆಯ ಪ್ರಯೋಜನವಿಲ್ಲ. ಬೀಗರ ಮನೆಯ ಮದುವೆಗೆ ಹೊರಟರೆ ಗಂಡಹೆಂಡಿರು ಕಾರಿನಲ್ಲಿಯೂ ಮಕ್ಕಳು ಬಸ್ಸಿನಲ್ಲಿಯೂ ಹೋಗಬೇಕಾದೀತು. ಆದರೂ ಇದರ ಮೋಹ ಬಿಡದು. ಈ ಜಾತಿಯ ಕಾರುಗಳಲ್ಲಿ ಬಹಳ ಹೆಸರು ಪಡೆದದ್ದು ಇಂಗ್ಲೆಂಡಿನ ಅಬಿಂಗ್ಡನ್ ಊರಿನ ಕಾರ್ಖಾನೆಯಿಂದ ಹೊರಬಂದ ಎಂ.ಜಿ. ಮಿಡ್ಜೆಟ್. ಅದರ ಟಿ.ಸಿ. ಮಾದರಿ 1945ರಿಂದ 1949ರವರೆಗೆ ತಯಾರಾಯಿತು. ಒಟ್ಟು ಸುಮಾರು 10,000 ಕಾರುಗಳು. ನಾಲ್ಕು ಸಿಲಿಂಡರಿನ 1,250 ಸಿ.ಸಿ. ಎಂಜಿನು, ಅವಳಿ ಕಾರ್ಬ್ಯುರೇಟರು, ಸುಮಾರು 54 ಅಶ್ವಶಕ್ತಿ. ತೆಳುವಾದ ಕಡ್ಡಿಗಳನ್ನು ಹೆಣೆದ, 19 ಅಂಗುಲದ ಎತ್ತರದ ಗಾಲಿಗಳು. ಇಂದಿನ ಸಾಧಾರಣ ಕಾರೂ ಇದನ್ನು ಹಿಂದೆ ಹಾಕೀತು. ಆದರೆ ಇದರಲ್ಲಿ ಕುಳಿತವನಿಗೆ ಗಂಟೆಗೆ ನಲವತ್ತು ಮೈಲಿಯೇ ಎಂಬತ್ತರಂತೆ ತೋರುತ್ತದೆ. ಸುಖವೆಲ್ಲ ಇರುವುದು ಅಲ್ಲಿಯೇ.

ನಮ್ಮ ದೇಶಕ್ಕೆ ಇಂಥ ಕಾರುಗಳು ಬಂದದ್ದು ಬಿಳಿಯ ಅಧಿಕಾರಿಗಳು, ಕಾಫಿ ಚಹಾ ತೋಟಗಳ ದೊರೆಗಳು, ಸಂಸ್ಥಾನಗಳ ರಾಜಕುಮಾರರು ಇವರ ಮೂಲಕ. ಮದರಾಸಿನ ಬಳಿಯ ಶೋಲವರಂ ವಿಮಾನದಾರಿಯಲ್ಲಿ 1950ರ ದಶಕದಲ್ಲಿ ಪಂದ್ಯಗಳು ನಡೆಯತೊಡಗಿದಾಗ ಕೆಲವು ಅಲ್ಲಿ ಮೆರೆದವು. ಆಮೇಲೆ ಹೊರದೇಶದ ಕಾರುಗಳ ಆಮದು ಬಹುಮಟ್ಟಿಗೆ ನಿಂತಿತು. ಬಿಡಿ ಭಾಗಗಳೂ ದುರ್ಲಭವಾದವು. 1957ರಲ್ಲಿ ಬಂದ ಅಂಬಾಸಡರ್ ಬೀದಿಗೆ ಒಡೆಯನಾಯಿತು. ಒಂದು ಪಂಪು ಕೆಟ್ಟದ್ದಕ್ಕೆ, ಒಂದು ಗ್ಯಾಸ್ಕೆಟು ಸಿಗದ್ದಕ್ಕೆ ಎಷ್ಟೋ ಸ್ಪೋರ್ಟ್ಸ್ ಕಾರುಗಳು 'ನಾಳೆ ನೋಡೋಣ' ಎಂದು ಕೊಟ್ಟಿಗೆ ಸೇರಿದವು. ಆ ನಾಳೆ ಬರುವುದಕ್ಕೆ ಅರ್ಧ ಶತಮಾನ ಹಿಡಿಯಿತು.

ಓಡಿ ಸತ್ತ ಕಾರುಗಳಿಗಿಂತ ನಿಂತು ಸತ್ತ ಕಾರುಗಳೇ ಹೆಚ್ಚು. ಇದಕ್ಕೆ ದೂರ ಹೋಗಬೇಕಾಗಿಲ್ಲ. 1948ರವರೆಗೆ ಬೀದರ್ ಯಾರ ಆಳಿಕೆಗೆ ಸೇರಿತ್ತೋ ಆ ನಿಜಾಮರ ಮನೆಯಲ್ಲಿಯೇ ದೊಡ್ಡ ನಿದರ್ಶನವಿದೆ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ರೋಲ್ಸ್‌ರಾಯ್ಸ್ ಸಂಸ್ಥೆಯಿಂದ ಸಿಲ್ವರ್ ಘೋಸ್ಟ್ ಕಾರೊಂದನ್ನು ಮಾಡಿಸಲು ಹೇಳಿದ್ದರು. ಹಳದಿ ಬಣ್ಣ, ಒಳಗೆ ಸಿಂಹಾಸನದಂಥ ಪೀಠ; ಲಂಡನ್ನಿನ ಬಾರ್ಕರ್ ಸಂಸ್ಥೆ ಕಟ್ಟಿದ ಮೈ. ಕಾರು ಸಿದ್ಧವಾದದ್ದು 1912ರಲ್ಲಿ. ಆದರೆ ಮಾಡಿಸಿದ ದೊರೆ 1911ರ ಆಗಸ್ಟಿನಲ್ಲಿಯೇ ತೀರಿಕೊಂಡಿದ್ದರು. ಮಗ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಅದು ಮೆರವಣಿಗೆಗೆ ಅಪರೂಪವಾಗಿ ಹೊರಬಂದಿತು. ಬಳಿಕ ಧೂಳು ತಿನ್ನುತ್ತ ನಿಂತಿತು. ಅದರ ಮೈಲಿಯಂತ್ರ ತೋರಿಸುತ್ತಿದ್ದ ಒಟ್ಟು ಓಟ ಕೇವಲ 356 ಮೈಲಿ ಎಂದು ಪ್ರಸಿದ್ಧವಾಗಿದೆ. ಸವೆತವೆಂಬುದೇ ಕಾಣದ ಆ ಯಂತ್ರವೂ ಈಚೆಗೆ ಕುಶಲ ಕೈಗಳಿಂದ ದುರಸ್ತಿ ಮಾಡಿಸಿಕೊಂಡ ಮೇಲೆಯೇ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಜನರ ಕಣ್ಣಿಗೆ ಬಿದ್ದದ್ದು. ದೊರೆಯ ಲಾಯದಲ್ಲಿ ನಿಂತ ಕಾರಿಗೇ ಈ ಗತಿಯಾದರೆ ತಗಡಿನ ಮಾಡಿನ ಕೆಳಗೆ ನಿಂತ ಎಂ.ಜಿ.ಯ ಪಾಡೇನು?

ಆದ್ದರಿಂದ ಕೊಳ್ಳುವವನು ಕೇಳಬೇಕಾದ ಪ್ರಶ್ನೆ 'ಎಷ್ಟು ಓಡಿದೆ' ಎಂಬುದಲ್ಲ. 'ಎಲ್ಲಿ ನಿಂತಿತ್ತು, ಹೇಗೆ ನಿಂತಿತ್ತು' ಎಂಬುದು. ನಿಲ್ಲುವ ಕಾರನ್ನು ತಿನ್ನುವ ಶತ್ರುಗಳು ಬೇರೆಬೇರೆ. ಕರಾವಳಿಯಲ್ಲಿ ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆ. ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಂಥ ಒಳನಾಡಿನ ಊರಿನಲ್ಲಿ ಗಾಳಿ ಒಣದು. ಕಬ್ಬಿಣ ಬಹುಕಾಲ ತಾಳುತ್ತದೆ. ಅಲ್ಲಿಯ ಶತ್ರುಗಳು ಇಲಿ ಮತ್ತು ಗೆದ್ದಲು. ಕಣಿಕೆ ಒಟ್ಟಿದ ಕೊಟ್ಟಿಗೆಯಲ್ಲಿ ಕಾರು ನಿಂತಿದ್ದರೆ ಇಲಿ ಸೀಟಿನ ಒಳಗೆ ಸಂಸಾರ ಹೂಡುತ್ತದೆ. ಹತ್ತಿಯ ನೂಲು ಸುತ್ತಿದ ಹಳೆಯ ವಿದ್ಯುತ್ತಂತಿ ಅದಕ್ಕೆ ಮೃಷ್ಟಾನ್ನ. ಗೆದ್ದಲು ಇನ್ನೂ ಕೇಡು. ಕಾರಿಗೂ ಗೆದ್ದಲಿಗೂ ಏನು ಸಂಬಂಧವೆಂದು ವಾಚಕರು ನಕ್ಕಾರು. ಟಿ.ಸಿ.ಯಂಥ ಕಾರುಗಳ ಮೈಯೊಳಗಿನ ಚೌಕಟ್ಟು ಕಬ್ಬಿಣದ್ದಲ್ಲ, ಆ್ಯಶ್ ಎಂಬ ಮರದ್ದು. ಅದರ ಮೇಲೆ ಉಕ್ಕಿನ ತಗಡು ಹೊದಿಸಿದ್ದಾರೆ. ಹೊರಗೆ ತಗಡು ಹೊಳೆಯುತ್ತಿದ್ದು ಒಳಗೆ ಮರ ಹುಡಿಯಾಗಿದ್ದರೂ ಆಗಿರಬಹುದು. ಬಾಗಿಲನ್ನು ಅರ್ಧ ತೆರೆದು ಮೆಲ್ಲಗೆ ಮೇಲಕ್ಕೆತ್ತಿರಿ. ಕೀಲಿನ ಕಂಬವೇ ಬಾಗಿಲಿನೊಡನೆ ಎದ್ದು ಬಂದರೆ ಒಳಗಿನ ಮರ ಮುಗಿದಿದೆ. ಎತ್ತಿನ ಹಲ್ಲು ನೋಡಿದಂತೆ ಇದು.

ಎಂಜಿನು ತಿರುಗದಿದ್ದರೆ ಅಂಜಬೇಕಾಗಿಲ್ಲ. ಎಂಜಿನನ್ನು ಕಟ್ಟಿಕೊಡುವವರು ಸಿಗುತ್ತಾರೆ, ಅದರ ಭಾಗಗಳು ಇಂದಿಗೂ ಇಂಗ್ಲೆಂಡಿನಲ್ಲಿ ತಯಾರಾಗುತ್ತವೆ. ತುಕ್ಕು ತಿಂದ ಚಾಸಿ, ಕಳೆದುಹೋದ ದೀಪದ ಬಟ್ಟಲು, ಮುಂದಿನ ಜಾಲರಿ, ಮೀಟರಿನ ಹಲಗೆ, ಇವುಗಳಿಗೆ ಪಡುವ ಪಾಡು ಹೆಚ್ಚು. 'ಎಲ್ಲ ಸಾಮಾನೂ ಒಂದು ಗೋಣಿಯಲ್ಲಿದೆ' ಎಂದು ಮಾರುವವನು ಹೇಳಿದರೆ ಗೋಣಿಯನ್ನು ಅಲ್ಲಿಯೇ ಸುರುವಿ ನೋಡುವುದು ಒಳ್ಳೆಯದು.

ಇನ್ನು ಚಿಕಿತ್ಸೆ. ಇದಕ್ಕೆ ದೊಡ್ಡ ಪಟ್ಟಣವೇ ಆಗಬೇಕೆಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಪಟ್ಟಣದಲ್ಲಿ ಕಾರು ನಿಲ್ಲಿಸಲು ಜಾಗವೇ ಇಲ್ಲ. ಬಿಚ್ಚಿಟ್ಟ ಕಾರು ಇಡಿಯ ಕಾರಿನ ಮೂರು ಪಾಲು ಸ್ಥಳ ಬೇಡುತ್ತದೆ. ಖಟಕ ಚಿಂಚೋಳಿಯಂಥ ಊರಿನ ಹಳೆಯ ವಾಡೆಯೊಂದರ ಅಂಗಳ ಇದ್ದರೆ ಅದಕ್ಕಿಂತ ಒಳ್ಳೆಯ ಕಾರ್ಖಾನೆ ಬೇರಿಲ್ಲ. ಬಂಡಿಯ ಗಾಲಿಗೆ ಜಾಲಿಯ ಕಟ್ಟಿಗೆ ಹೂಡಿ, ಮೊಳೆಯಿಲ್ಲದೆ ಸಂದು ಕೂಡಿಸಿದ ಬಡಿಗರಿಗೆ ಎಂ.ಜಿ.ಯ ಚೌಕಟ್ಟು ಪರಕೀಯವಲ್ಲ. ಹಳೆಯ ತುಂಡನ್ನು ಎಷ್ಟೇ ಹುಡಿಯಾಗಿದ್ದರೂ ಎಸೆಯದೆ ಮಾದರಿಗೆ ಇಟ್ಟುಕೊಳ್ಳಬೇಕು. ಮೂಲೆಯ ಓರೆ ಕಾಲಂಗುಲ ತಪ್ಪಿದರೂ ಬಾಗಿಲು ಮುಚ್ಚದು. ಆ್ಯಶ್ ಮರದ ಗುಣ ಬಾಗಿ ಮತ್ತೆ ನೇರವಾಗುವುದು. ನಮ್ಮವರು ಅದರ ಬದಲಿಗೆ ಸಾಗವಾನಿ ಬಳಸುವುದುಂಟು. ಅದು ಗೆದ್ದಲಿಗೆ ಸುಲಭವಾಗಿ ಮಣಿಯದು ಎಂಬುದು ಅದರ ಪರವಾದ ವಾದ.

ಬಿಗಿದುಕೊಂಡ ಎಂಜಿನಿಗೆ ಬೇಕಾದದ್ದು ಬಲವಲ್ಲ, ತಾಳ್ಮೆ. ಅಲ್ಯುಮಿನಿಯಂ ಪಿಸ್ಟನು ಕಬ್ಬಿಣದ ಸಿಲಿಂಡರಿಗೆ ತುಕ್ಕಿನಿಂದ ಅಂಟಿರುತ್ತದೆ. ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ, ಡೀಸೆಲು ಬೆರೆಸಿದ ಎಣ್ಣೆಯನ್ನು ಒಂದೊಂದು ಸಿಲಿಂಡರಿಗೂ ಹಾಕಿ ದಿನಗಟ್ಟಲೆ ಬಿಡಬೇಕು. ಬಳಿಕ ಕಾರನ್ನು ಮೇಲಿನ ಗೇರಿಗೆ ಹಾಕಿ ಕೈಯಿಂದ ಹಿಂದೆ ಮುಂದೆ ಮೆಲ್ಲನೆ ತೂಗಬೇಕು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿ 'ಬಿಡಿಸಿದ' ಶೂರರ ಎಂಜಿನುಗಳಲ್ಲಿ ಪಿಸ್ಟನು ಒಡೆದದ್ದುಂಟು, ಕನೆಕ್ಟಿಂಗ್ ರಾಡು ಬಾಗಿದ್ದುಂಟು.

ಎಂ.ಜಿ.ಯ ಈ ಎಂಜಿನಿನಲ್ಲಿ ಇನ್ನೊಂದು ವಿಚಿತ್ರವಿದೆ. ಬೋಲ್ಟಿನ ತಲೆ ವಿಟ್‌ವರ್ಥ್ ಎಂಬ ಇಂಗ್ಲಿಷ್ ಅಳತೆಯದು, ಆದರೆ ತಿರುಪಿನ ಎಳೆ ಫ್ರೆಂಚರ ಮೆಟ್ರಿಕ್ ಅಳತೆಯದು! ಹಾಚ್‌ಕಿಸ್ ಎಂಬ ಫ್ರೆಂಚ್ ಸಂಸ್ಥೆಗೆ ಕವೆಂಟ್ರಿಯಲ್ಲಿದ್ದ ಕಾರ್ಖಾನೆಯನ್ನು ಮಾರಿಸ್ ಸಂಸ್ಥೆಯ ಒಡೆಯರು 1923ರಲ್ಲಿ ಕೊಂಡರು. ಅಲ್ಲಿಯ ಯಂತ್ರಗಳೆಲ್ಲ ಮೆಟ್ರಿಕ್ ಎಳೆ ಕಡೆಯುವಂಥವು; ಇಂಗ್ಲೆಂಡಿನ ಮೆಕ್ಯಾನಿಕನ ಕೈಯಲ್ಲಿದ್ದ ಪಾನಾಗಳೋ ಇಂಗ್ಲಿಷ್ ಅಳತೆಯವು. ಇಬ್ಬರಿಗೂ ಅನುಕೂಲವಾಗಲೆಂದು ಮಾಡಿದ ಈ ಒಪ್ಪಂದ ಇಂದಿಗೂ ನಮ್ಮ ತಲೆ ತಿನ್ನುತ್ತಿದೆ. ಪೇಟೆಯ ಅಂಗಡಿಯಿಂದ ತಂದ ಬೋಲ್ಟು ಎರಡು ಸುತ್ತು ಹೋದಂತೆ ಮಾಡಿ ನಿಲ್ಲುತ್ತದೆ. ಬಲವಂತ ಮಾಡಿದರೆ ಎಂಜಿನಿನ ಎಳೆಯೇ ಹಾಳು. ಬಿಚ್ಚಿದ ಒಂದೊಂದು ಬೋಲ್ಟನ್ನೂ ಚೀಲಕ್ಕೆ ಹಾಕಿ ಹೆಸರು ಬರೆದಿಡುವ ಮನೆಯೊಡತಿಯ ಅಚ್ಚುಕಟ್ಟು ಇಲ್ಲಿ ಬೇಕು. ಸಾಸಿವೆ ಜೀರಿಗೆ ಬೆರೆತರೆ ಆರಿಸಬಹುದು, ಇವು ಬೆರೆತರೆ ಕಷ್ಟ.

ಪೆಟ್ರೋಲಿನ ವಿಚಾರದಲ್ಲಿ ಹಳೆಯ ಕಾರು ಹೊಸ ಕಾಲಕ್ಕೆ ಎದುರಾಗುತ್ತದೆ. ಟ್ಯಾಂಕಿಯ ಹಳೆಯ ಪೆಟ್ರೋಲು ಅಂಟಾಗಿ ಕೊಳವೆಗಳನ್ನು ಕಟ್ಟಿರುತ್ತದೆ, ಅದನ್ನು ತೆಗೆಯಬಹುದು. ಆದರೆ 2000ದಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲೇ ದೊರೆಯುತ್ತದೆ. ವಾಲ್ವು ಕೂಡುವ ಕಬ್ಬಿಣದ ಪೀಠಕ್ಕೆ ಸೀಸವೇ ಮೆತ್ತೆಯಾಗಿತ್ತು. ಅದಿಲ್ಲದೆ ಪೀಠ ಸವೆಯುತ್ತದೆ. ತಲೆ ಬಿಚ್ಚಿದಾಗಲೇ ಗಟ್ಟಿ ಉಕ್ಕಿನ ಪೀಠಗಳನ್ನು ಕೂಡಿಸುವುದು ಜಾಣತನ. ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ. ಕಬ್ಬು ಬೆಳೆಯುವ ಬೀದರ್ ಜಿಲ್ಲೆಯವರಿಗೆ ಇದು ಸಂತೋಷದ ಸುದ್ದಿಯೇ. ಆದರೆ ಹಳೆಯ ಕಾರಿನ ಬಿರಡೆಮರದ ಬಿಗಿತಗಳಿಗೆ, ರಬ್ಬರು ಹಾಳೆಗಳಿಗೆ ಎಥನಾಲ್ ಆಗಿಬರದು. ಅದು ನೀರನ್ನೂ ಎಳೆದುಕೊಳ್ಳುತ್ತದೆ. ಆ ಭಾಗಗಳನ್ನು ಹೊಸ ಬಗೆಯ ರಬ್ಬರಿನವಕ್ಕೆ ಬದಲಿಸಿ, ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕಿ ಬರಿದು ಮಾಡಬೇಕು. ಬ್ರೇಕಿನ ಎಣ್ಣೆಯ ರಬ್ಬರು ಕೊಳವೆಗಳನ್ನಂತೂ ನೋಡಲು ಚೆನ್ನಾಗಿದ್ದರೂ ಎಸೆಯಿರಿ. ಅವು ಒಳಗೇ ಊದಿ ದಾರಿ ಮುಚ್ಚಿರುತ್ತವೆ. ಒತ್ತಿದ ಬ್ರೇಕು ಬಿಡುವುದೇ ಇಲ್ಲ.

ಈಗ ಮುಖ್ಯವಾದ ಮಾತು. ಎಂಜಿನಿನ ಕೆಲಸ ಬೇಸರ ತಂದಾಗ ಯಾರಾದರೊಬ್ಬ ಹಿತೈಷಿ ಬಂದು, 'ಇದೆಲ್ಲ ಯಾಕೆ ಸ್ವಾಮಿ, ಜೀಪಿನ ಎಂಜಿನು ಕೂಡಿಸಿದರೆ ನಾಳೆಯೇ ಓಡುತ್ತದೆ' ಎನ್ನುತ್ತಾನೆ. ಹಿಂದೆ ಬಿಡಿ ಭಾಗ ಸಿಗದ ಕಾಲದಲ್ಲಿ ಎಷ್ಟೋ ಕಾರುಗಳಿಗೆ ಹೀಗೆ ಬೇರೆ ಹೃದಯ ಹಾಕಿದರು. ಇಂದು ಹಾಗೆ ಮಾಡಿದವನು ಕಾರಿನ ಗೌರವವನ್ನಷ್ಟೇ ಅಲ್ಲ, ಅದರ ಹಕ್ಕನ್ನೂ ಕಳೆದುಕೊಳ್ಳುತ್ತಾನೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ವ್ಯಾಪಾರಕ್ಕೆ ಬಳಸದ, ಮೂಲರೂಪದಲ್ಲಿ ಉಳಿದ ವಾಹನಕ್ಕೆ ವಿಂಟೇಜ್ ಎಂಬ ಮಾನ್ಯತೆ ದೊರೆಯುತ್ತದೆ. ಚಾಸಿ, ಮೈ, ಎಂಜಿನು ಇವುಗಳನ್ನು ಬಹುವಾಗಿ ಮಾರ್ಪಡಿಸಿರಬಾರದು. ಮೊದಲ ನೋಂದಣಿಗೆ 20,000 ರೂಪಾಯಿ. ಹತ್ತು ವರ್ಷಗಳ ಅವಧಿ. ಮರುನೋಂದಣಿಗೆ 5,000 ರೂಪಾಯಿ. ಸಂಖ್ಯಾಫಲಕದಲ್ಲಿ ರಾಜ್ಯದ ಅಕ್ಷರಗಳ ಮುಂದೆ 'ವಿ.ಎ.' ಎಂಬ ಗುರುತು. ದಿನಬಳಕೆಗೆ ಅನುಮತಿಯಿಲ್ಲ, ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲು ಹಾಕಿಸುವುದು ಇಂಥವಕ್ಕೆ ಮಾತ್ರ ಬೀದಿಗಿಳಿಯಬಹುದು. ದೇಶದಲ್ಲಿ ಮೊದಲೇ ನೋಂದಾದ ಕಾರಾಗಿದ್ದರೆ ಹಳೆಯ ನೋಂದಣಿ ಪತ್ರವನ್ನೂ ಕೊಡಬೇಕು. ಅಜ್ಜನ ಪೆಟ್ಟಿಗೆಯ ಉರ್ದು ಕಾಗದಗಳನ್ನು ಒಲೆಗೆ ಹಾಕುವ ಮುನ್ನ ಓದಬಲ್ಲವರಿಗೆ ತೋರಿಸಿರಿ. ನಿಜಾಮರ ಕಾಲದ ಕಾರಿನ ಕಾಗದ ಅದರಲ್ಲಿಯೇ ಇದ್ದೀತು.

ಒಂದು ವಿನಾಯಿತಿ ಹೇಳಬಹುದು. 1955ರಲ್ಲಿ ಬಂದ ಎಂ.ಜಿ.ಎ. ಮಾದರಿಯ 1,489 ಸಿ.ಸಿ. ಎಂಜಿನು ಮತ್ತು 1959ರಿಂದ ಅಂಬಾಸಡರಿಗೆ ಹಾಕಿದ ಎಂಜಿನು ಒಂದೇ ಕುಲದವು. ಟ್ಯಾಕ್ಸಿಯ ದಾಯಾದಿಯಿಂದ ಸ್ಪೋರ್ಟ್ಸ್ ಕಾರು ಕೆಲವು ಬಿಡಿ ಭಾಗಗಳನ್ನು ಎರವಲು ಪಡೆದರೆ ಅದು ಜಾತಿ ಕೆಟ್ಟಂತಲ್ಲ.

ಬಣ್ಣದ ಮಾತಿಗೆ ಕೊನೆಗೆ ಬರಬೇಕು, ಮೊದಲಲ್ಲ. ಬೀದರಿನ ಕುಶಲಿಗಳು ಸತುವು ತಾಮ್ರದ ಎರಕಕ್ಕೆ ಬೆಳ್ಳಿ ಕೂಡಿಸಿ, ಕೋಟೆಯ ಮಣ್ಣು ನವಸಾಗರಗಳಿಂದ ಕಪ್ಪು ತರಿಸುತ್ತಾರೆ. ಹಳೆಯ ಬಿದರಿ ಹೂಜಿಯ ಕಪ್ಪನ್ನು ಉಜ್ಜಿ ತೆಗೆದು ಬೆಳ್ಳಗೆ ಮಾಡುವ ಅರಸಿಕರು ಯಾರಿದ್ದಾರೆ? ಕಾರಿನ ಮೂಲ ಬಣ್ಣ ಮುಕ್ಕಾಲು ಪಾಲು ಉಳಿದಿದ್ದರೆ, ಸೀಟಿನ ಚರ್ಮ ಬಿರಿದರೂ ಹರಿಯದಿದ್ದರೆ, ಹಾಗೆಯೇ ಬಿಡುವುದು ಲೇಸು. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರು ತೆರೆದಿರುವ 'ಪಯಣ' ಸಂಗ್ರಹಾಲಯಕ್ಕೆ ರಜೆಯಲ್ಲಿ ಮಕ್ಕಳೊಡನೆ ಹೋಗಿ ಬಂದರೆ ಹಳೆಯ ಕಾರುಗಳು ಹೇಗಿರುತ್ತಿದ್ದುವೆಂಬುದು ಕಣ್ಣಿಗೆ ತಿಳಿಯುತ್ತದೆ. ತನ್ನ ಕಾರಿಗೆ ಏನು ಬೇಕು, ಏನು ಬೇಡ ಎಂಬ ಅಂದಾಜೂ ಸಿಕ್ಕುತ್ತದೆ.

ಮೊದಲ ಓಟಕ್ಕೆ ಮುಂಜಾವು ಒಳ್ಳೆಯದು. ಪ್ಲಗ್ಗುಗಳಿಲ್ಲದೆ ಎಂಜಿನನ್ನು ತಿರುಗಿಸಿ, ಎಣ್ಣೆಯ ಮೀಟರಿನ ಮುಳ್ಳು ಎದ್ದ ಮೇಲೆಯೇ ಪ್ಲಗ್ಗು ಹಾಕಬೇಕು. ಚಾವಿ ತಿರುವಿದೊಡನೆ ಪೆಟ್ರೋಲು ಪಂಪು ಟಕಟಕನೆ ಬಡಿದು ತಾನಾಗಿ ಸುಮ್ಮನಾಗಬೇಕು. ಬಡಿಯುತ್ತಲೇ ಇದ್ದರೆ ಎಲ್ಲಿಯೋ ಸೋರಿಕೆಯಿದೆ, ಅಥವಾ ಟ್ಯಾಂಕಿ ಬರಿದಾಗಿದೆ. ಭಾಲ್ಕಿಯ ದಾರಿಯಲ್ಲಿ ಹತ್ತು ಮೈಲಿ, ಗಂಟೆಗೆ ಇಪ್ಪತ್ತೈದಕ್ಕೆ ಮೀರದಂತೆ ಹೋಗಿ ಬಂದು, ಎಂಜಿನು ಆರಿದ ಮೇಲೆ ತಲೆಯ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಆಮೇಲೆ ಗಾಲಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಸಣ್ಣ ಪಾನಾದಿಂದ ಕಡ್ಡಿಗಳನ್ನು ಒಂದೊಂದಾಗಿ ತಟ್ಟುತ್ತ ಹೋಗುವುದು. ಬಿಗಿಯಾದ ಕಡ್ಡಿ ತಂಬೂರಿಯ ತಂತಿಯಂತೆ ನುಡಿಯುತ್ತದೆ. ಸಡಿಲವಾದದ್ದು ಮಂಕಾಗಿ 'ಟಪ್' ಎನ್ನುತ್ತದೆ. ಅದಕ್ಕೆ ಸುಣ್ಣದ ಗುರುತು ಹಾಕಿ, ಕಾಲು ಸುತ್ತು ಬಿಗಿದು, ಮತ್ತೆ ತಟ್ಟಿ ಕೇಳಬೇಕು.