ಮೊಣಕಾಲಿನ ತರುಣಾಸ್ಥಿ ಮತ್ತು ದಾನಿಯ ಮೂಳೆ

ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳಲು, ದಾಸೋಹದ ಪಂಕ್ತಿಯಿಂದ ಎದ್ದೇಳಲು ಮೊಣಕಾಲುಗಳು ಗಟ್ಟಿಯಿರಬೇಕು. ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳ ಕಡೆಯಿಂದ ನಮ್ಮಲ್ಲಿಗೆ ಬರುವ ಸದ್ಭಕ್ತರಲ್ಲಿ ಮೊಣಕಾಲು ನೋವಿನವರೇ ಹೆಚ್ಚು. ಅವರೆಲ್ಲರೂ ವಯಸ್ಸಾದವರಲ್ಲ. ಬೈಕಿನಿಂದ ಬಿದ್ದವರು, ಕಬಡ್ಡಿಯಲ್ಲಿ ಕಾಲು ತಿರುಚಿಕೊಂಡ ತರುಣರೂ ಇದ್ದಾರೆ. "ಸತ್ತವರ ಮೂಳೆಯನ್ನು ತಂದು ಮೊಣಕಾಲಿಗೆ ಕೂಡಿಸುತ್ತಾರಂತೆ, ನಿಜವೇ?" ಎಂದು ಅವರ ಹೆತ್ತವರು ಕೇಳುವುದುಂಟು. ನಿಜ. ಆದರೆ ಅದು ಎಲ್ಲರಿಗೂ ಒಪ್ಪುವ ಚಿಕಿತ್ಸೆಯಲ್ಲ.

ಸುಶ್ರುತಾಚಾರ್ಯರು ಮೂಳೆಗಳನ್ನು ಐದು ಬಗೆಯಾಗಿ ವಿಂಗಡಿಸಿ, ಮೃದುವಾದ ಬಗೆಯನ್ನು ತರುಣಾಸ್ಥಿ ಎಂದು ಕರೆದರು. ಇಂದು ಮೃದ್ವಸ್ಥಿ ಎನ್ನುವುದೂ ಇದನ್ನೇ. ಮೊಣಕಾಲಿನಲ್ಲಿ ತೊಡೆಯ ಮೂಳೆಯೂ ಕಣಕಾಲಿನ ಮೂಳೆಯೂ ಸಂಧಿಸುವ ಕಡೆ ಕೆಲವೇ ಮಿಲಿಮೀಟರ್ ದಪ್ಪದ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಇದರಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಚರ್ಮಕ್ಕೆ ಗಾಯವಾದರೆ ರಕ್ತವೇ ದುರಸ್ತಿಯ ಸಾಮಗ್ರಿಯನ್ನು ಹೊತ್ತು ತರುತ್ತದೆ. ಇಲ್ಲಿಗೆ ಆ ದಾರಿಯಿಲ್ಲ. ಒಮ್ಮೆ ನಾಶವಾದ ಮೃದ್ವಸ್ಥಿ ಮತ್ತೆ ಬೆಳೆಯದೆಂದು ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲಿಯೇ ಬರೆದರು. ಆಯುರ್ವೇದದ ವೈದ್ಯರಾಗಿ ನಾವೂ ಇದನ್ನು ಮರೆಮಾಚದೆ ಹೇಳಬೇಕು. ಅಭ್ಯಂಗ, ಸ್ವೇದನ, ಜಾನುಬಸ್ತಿಗಳು ನೋವನ್ನೂ ಬಿಗಿತವನ್ನೂ ಶಮನಗೊಳಿಸಬಲ್ಲವು. ಪೆಟ್ಟಿನಿಂದ ಕಿತ್ತುಹೋದ ಮೃದ್ವಸ್ಥಿಯ ಗುಳಿಯನ್ನು ತುಂಬಲಾರವು.

ಗುಳಿ ಚಿಕ್ಕದಾಗಿದ್ದರೆ ಶಸ್ತ್ರವೈದ್ಯರು ರೋಗಿಯದೇ ಮೊಣಕಾಲಿನಲ್ಲಿ ಹೆಚ್ಚು ಭಾರ ಬೀಳದ ಕಡೆಯಿಂದ ಮೂಳೆಸಹಿತ ಮೃದ್ವಸ್ಥಿಯ ಚೂರುಗಳನ್ನು ತೆಗೆದು ಕೂಡಿಸುತ್ತಾರೆ. ಗುಳಿ ಸುಮಾರು ಎರಡು ಚದರ ಸೆಂಟಿಮೀಟರಿಗಿಂತ ದೊಡ್ಡದಾದರೆ ಹಾಗೆ ತೆಗೆಯಲು ತನ್ನಲ್ಲಿಯೇ ಸಾಕಷ್ಟು ಇರುವುದಿಲ್ಲ. ಆಗ ಮೃತ ದಾನಿಯ ಮೊಣಕಾಲು ನೆರವಾಗುತ್ತದೆ. ದಾನಿಯ ಸಂಧಿಯಲ್ಲಿ ಅದೇ ಜಾಗದ, ಅದೇ ಉಬ್ಬಿನ ಭಾಗವನ್ನು ಬಿಲ್ಲೆಯಂತೆ ಕತ್ತರಿಸಿ, ರೋಗಿಯ ಗುಳಿಯನ್ನು ಅದೇ ಅಳತೆಗೆ ಕೊರೆದು, ಬಿಗಿಯಾಗಿ ಕೂರಿಸುತ್ತಾರೆ. ಜರ್ಮನಿಯ ಎರಿಕ್ ಲೆಕ್ಸರ್ 1908ರಲ್ಲಿಯೇ ದಾನಿಯ ಸಂಧಿಯ ಕಸಿಯನ್ನು ವರದಿ ಮಾಡಿದ್ದರು. 1970ರ ದಶಕದಲ್ಲಿ ಕೆನಡಾದ ಟೊರಾಂಟೊದಲ್ಲಿ ಅಲನ್ ಗ್ರಾಸ್ ಅವರು ಇದನ್ನು ಕ್ರಮಬದ್ಧ ಚಿಕಿತ್ಸೆಯಾಗಿ ಬೆಳೆಸಿದರು.

ಪರರ ಅಂಗವನ್ನು ದೇಹ ತಿರಸ್ಕರಿಸುವುದಿಲ್ಲವೇ? ಇದಕ್ಕೆ ಉತ್ತರ ನಮಗೆಲ್ಲ ಪರಿಚಿತವಾದ ನೇತ್ರದಾನದಲ್ಲಿದೆ. 2006ರಲ್ಲಿ ಡಾ. ರಾಜಕುಮಾರ್, 2021ರಲ್ಲಿ ಪುನೀತ್ ರಾಜಕುಮಾರ್ ಅವರ ನೇತ್ರಗಳು ದಾನವಾದುದನ್ನು ನಾಡೇ ಬಲ್ಲುದು. ಕಣ್ಣಿನ ಕಾರ್ನಿಯಾದಲ್ಲಿಯೂ ಮೃದ್ವಸ್ಥಿಯಂತೆಯೇ ರಕ್ತನಾಳಗಳಿಲ್ಲ. ಹಾಗಾಗಿ ದೇಹದ ಕಾವಲು ಕಣಗಳು ಅಲ್ಲಿಗೆ ಸುಲಭವಾಗಿ ತಲುಪುವುದಿಲ್ಲ. ಮೃದ್ವಸ್ಥಿಯೊಡನೆ ಬರುವ ಮೂಳೆಯನ್ನು ರಭಸದ ನೀರಿನಿಂದ ತೊಳೆದು ದಾನಿಯ ಮಜ್ಜೆಯನ್ನು ಕಳೆಯುತ್ತಾರೆ. ಮೂತ್ರಪಿಂಡ ಕಸಿಯಲ್ಲಿರುವಂತೆ ಜೀವಮಾನವಿಡೀ ರೋಗನಿರೋಧಕ ಶಕ್ತಿಯನ್ನು ಅಡಗಿಸುವ ಔಷಧಿ ಸೇವಿಸಬೇಕಾಗಿಲ್ಲ. ಕಾಲಕ್ರಮದಲ್ಲಿ ಆ ಮೂಳೆಯೊಳಗೆ ರೋಗಿಯ ಮೂಳೆಯೇ ಬೆಳೆದು ಬೆಸೆಯುತ್ತದೆ. ಮೇಲಿನ ಮೃದ್ವಸ್ಥಿಯಲ್ಲಿ ದಾನಿಯ ಜೀವಕೋಶಗಳೇ ಬದುಕಿರುತ್ತವೆ.

ಇದು ಸಾಮಾನ್ಯವಾಗಿ ಐವತ್ತರೊಳಗಿನ, ಒಂದೆಡೆ ಮಾತ್ರ ಹಾನಿಯಾದ ಮೊಣಕಾಲಿಗೆ ಸಲ್ಲುವ ಚಿಕಿತ್ಸೆ. ವಯಸ್ಸಿನೊಡನೆ ಇಡೀ ಸಂಧಿಯೇ ಸವೆದ ಸಂಧಿಗತವಾತಕ್ಕೆ ಇದು ಹೊಂದದು. ಶಸ್ತ್ರಚಿಕಿತ್ಸೆಯ ನಂತರ ಹಲವು ವಾರ ಊರುಗೋಲು ಹಿಡಿದು, ವೈದ್ಯರು ಹೇಳಿದಷ್ಟೇ ಭಾರ ಹಾಕಬೇಕು. ದೇಹದ ತೂಕ ಹೆಚ್ಚಿದ್ದರೆ ಇಳಿಸಬೇಕು. ಕಾಲು ಸೊಟ್ಟಗಿದ್ದರೆ ಅದನ್ನೂ ಸರಿಪಡಿಸಬೇಕು. ಇವಿಲ್ಲದೆ ಕಸಿ ಬಾಳದು.

ದೊಡ್ಡ ಕೊರತೆಯಿರುವುದು ದಾನದಲ್ಲಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1988ರಿಂದಲೂ ಅಂಗಾಂಶ ಬ್ಯಾಂಕ್ ಇದೆ. ಗಾಮಾ ಕಿರಣಗಳಿಂದ ಶುದ್ಧಗೊಳಿಸಿದ ಮೂಳೆಯನ್ನು ವರ್ಷಗಳ ಕಾಲ ಕಾಪಿಡಬಹುದು. ಆದರೆ ಕಿರಣವಾಗಲಿ ಗಡ್ಡೆಗಟ್ಟುವ ಶೀತವಾಗಲಿ ಮೃದ್ವಸ್ಥಿಯ ಜೀವಕೋಶಗಳನ್ನು ಕೊಲ್ಲುತ್ತದೆ. ಆದುದರಿಂದ ಜೀವಂತ ಮೃದ್ವಸ್ಥಿಯನ್ನು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೋಷಕ ದ್ರವದಲ್ಲಿಟ್ಟು, ಸೋಂಕಿನ ಪರೀಕ್ಷೆಗಳು ಮುಗಿದ ಮೇಲೆ, ಹೆಚ್ಚೆಂದರೆ ನಾಲ್ಕು ವಾರಗಳೊಳಗೆ ಬಳಸಬೇಕು. ಇಂತಹ ತಾಜಾ ಮೃದ್ವಸ್ಥಿ ನಮ್ಮ ದೇಶದಲ್ಲಿ ಸಿಗುವುದೇ ಅಪರೂಪ.

ಅಂಗಾಂಗ ಕಸಿಯ 1994ರ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿ ಅಂಗಾಂಶಗಳನ್ನೂ ಸೇರಿಸಿತು. ಮಾರಾಟ ಅಪರಾಧ, ದಾನಕ್ಕೆ ಹತ್ತಿರದ ಬಂಧುಗಳ ಒಪ್ಪಿಗೆ ಬೇಕು. ಹೃದಯ, ಯಕೃತ್ತುಗಳಿಗೆ ಸಾಮಾನ್ಯವಾಗಿ ಮಿದುಳು ನಿಷ್ಕ್ರಿಯಗೊಂಡ ದಾನಿಯೇ ಬೇಕು. ಮೂಳೆ, ಚರ್ಮ, ಕಣ್ಣುಗಳನ್ನು ಹೃದಯ ನಿಂತ ಮೇಲೆಯೂ ಕೆಲವು ಗಂಟೆಗಳೊಳಗೆ ನೀಡಬಹುದು. ಕರ್ನಾಟಕದಲ್ಲಿ ಅಂಗಾಂಗ ದಾನದ ಸಮನ್ವಯವನ್ನು ಸರ್ಕಾರದ 'ಜೀವಸಾರ್ಥಕತೆ' ನೋಡಿಕೊಳ್ಳುತ್ತದೆ.

ಇಲ್ಲಿ ನಮ್ಮ ಭಕ್ತರಿಗೆ ಒಂದು ಸಂದೇಹ ಬರುವುದು ಸಹಜ. ನಾವು ಲಿಂಗೈಕ್ಯರಾದವರನ್ನು ಕುಳ್ಳಿರಿಸಿ ಸಮಾಧಿ ಮಾಡುವವರು. ಮೊಣಕಾಲಿನ ಮೂಳೆ ಕೊಟ್ಟರೆ ಕಾಲು ಮಡಿಸುವುದು ಹೇಗೆ? ಮೂಳೆ ತೆಗೆದ ಜಾಗಕ್ಕೆ ಆಧಾರದ ಕೋಲಿಟ್ಟು, ಹೊಲಿದು, ಆಕಾರ ಕೆಡದಂತೆ ಶರೀರವನ್ನು ಮರಳಿಸುವುದು ವಾಡಿಕೆ. ಆ ಕೋಲು ನೇರವಾಗಿದ್ದರೆ ಕಾಲು ಮಡಿಯದು. ಆದುದರಿಂದ ಕುಳ್ಳಿರಿಸುವ ಪದ್ಧತಿಯನ್ನು ವೈದ್ಯರ ತಂಡಕ್ಕೆ ಮೊದಲೇ ತಿಳಿಸಬೇಕು. ಬೇಡವೆನಿಸಿದರೆ ಕಣ್ಣು, ಚರ್ಮಗಳನ್ನಷ್ಟೇ ಕೊಡುವ ಸ್ವಾತಂತ್ರ್ಯವೂ ಕುಟುಂಬಕ್ಕಿದೆ. ಧಾರ್ಮಿಕ ನಿರ್ಣಯವನ್ನು ಪೂಜ್ಯರ ಸನ್ನಿಧಿಯಲ್ಲಿ ಕೇಳಿ ತಿಳಿಯುವುದು ಲೇಸು.

ಬೈಲಹೊಂಗಲದ ಆಯುರ್ವೇದ ವೈದ್ಯ ಡಾ. ಬಿ.ಎಸ್. ರಾಮಣ್ಣವರ ಅವರು ತಮ್ಮ ದೇಹವನ್ನು ಬೆಳಗಾವಿಯ ಆಯುರ್ವೇದ ಮಹಾವಿದ್ಯಾಲಯಕ್ಕೆ ದಾನವಾಗಿ ಬರೆದಿದ್ದರು. ಅವರು 2008ರಲ್ಲಿ ನಿಧನರಾದರು. 2010ರಲ್ಲಿ ಅಲ್ಲಿನ ಶರೀರ ರಚನಾ ಪ್ರಾಧ್ಯಾಪಕರಾದ ಅವರ ಮಗ ಡಾ. ಮಹಾಂತೇಶ ರಾಮಣ್ಣವರ ಅವರೇ ತಂದೆಯ ಶರೀರವನ್ನು ವಿಚ್ಛೇದಿಸಿ ವಿದ್ಯಾರ್ಥಿಗಳಿಗೆ ಬೋಧಿಸಿದರು. ಮಗನಿಗೆ ಅದು ಸಾಧ್ಯವಾದುದು ತಂದೆ ಬದುಕಿದ್ದಾಗಲೇ ತಮ್ಮ ಇಚ್ಛೆಯನ್ನು ಸ್ಪಷ್ಟಪಡಿಸಿದ್ದರಿಂದ. ಸಾವಿನ ಮನೆಯಲ್ಲಿ ಯೋಚಿಸಲು ಸಿಗುವುದು ಕೆಲವೇ ಗಂಟೆ. ಆ ದುಃಖದಲ್ಲಿ ಮನಸ್ಸೂ ನಿಲ್ಲದು. ಕೊಡುವುದಾದರೂ ಕೊಡದಿರುವುದಾದರೂ, ಮನೆಮಂದಿಯೆಲ್ಲ ಆರೋಗ್ಯವಾಗಿ ಕೂಡಿ ಕುಳಿತಿರುವ ಈಗಲೇ ಆ ಮಾತನ್ನು ಆಡಿಕೊಳ್ಳಿರಿ.